ಮೊದಲ ಸೂಜಿ ಆಯಿಗೆ

ಕುಲಗೋಡದ ಜಿನ್ನವ್ವ ತನ್ನ ಮೊಮ್ಮಗಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕರೆಯುವಂತೆಯೂ ಇರಲಿಲ್ಲ. ಮಗ ರಾಜಪ್ಪ ತನ್ನ ಮಗಳಿಗೆ ತೀರಿಹೋದ ಅಜ್ಜಿಯ ಹೆಸರನ್ನೇ ಇಟ್ಟಿದ್ದ, ಲಕ್ಷ್ಮೀಬಾಯಿ ಎಂದು. ಬದುಕಿದ್ದಷ್ಟು ದಿನ ಜಿನ್ನವ್ವನನ್ನು ಬೆರಳ ತುದಿಯಲ್ಲಿ ಕುಣಿಸಿದ ಅತ್ತೆ ಆಕೆ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ತರಬಾರದಲ್ಲ! ಹೀಗಾಗಿ ಏಳು ವರ್ಷದ ಪೋರಿಗೆ ಆಕೆ “ಅತ್ತೆವ್ವ” ಎನ್ನುತ್ತಿದ್ದಳು. “ಏಳ್ರಿ ಅತ್ತೆವ್ವಾ, ಮಾರಿ ತೊಳಕೋರಿ” ಎಂದು ರೀ ಹಚ್ಚಿ ಎಬ್ಬಿಸುತ್ತಿದ್ದಳು. ಪೋರಿಗೂ ಈ ದರ್ಬಾರು ಚೆನ್ನಾಗಿ ಒಗ್ಗಿತ್ತು.

ಆದರೆ ಅತ್ತೆವ್ವನ ಗಂಟಲು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅಮಾವಾಸ್ಯೆ ಹುಣ್ಣಿಮೆ ಬಂದಂತೆ ಬಾವು ಬರುತ್ತಿತ್ತು, ಬೆನ್ನಿಗೇ ಜ್ವರ. ಅರಿಶಿನದ ಹಾಲು ಕುಡಿಸಿದ್ದಾಯಿತು, ಕೊರಳಿಗೆ ಸುಣ್ಣ ಬೆಲ್ಲ ಕಲಸಿ ಹಚ್ಚಿದ್ದಾಯಿತು. ಓಣಿಯ ದುಂಡವ್ವ ಹೆಬ್ಬೆರಳಿಗೆ ಬೂದಿ ಹಚ್ಚಿಕೊಂಡು ಗಂಟಲೊಳಗಿನ ಗಡ್ಡೆ ಒತ್ತಲು ಬಂದಳು. ಪೋರಿ ಹೆಬ್ಬೆರಳನ್ನೇ ಕಚ್ಚಿ ಹಿಡಿದಳು. ಆ ದಿನ ಅರಿಶಿನ ದುಂಡವ್ವನ ಬೆರಳಿಗೆ ಖರ್ಚಾಯಿತು.

ಕೊನೆಗೆ ರಾಜಪ್ಪ, ಬಾಣಂತಿ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು, ತಾಯಿಯನ್ನೂ ಮಗಳನ್ನೂ ಕರೆದುಕೊಂಡು ಗೋಕಾಕದ ಬಸ್ಸು ಹತ್ತಿದ. ಬೆಳಗಾವಿ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು ಇದು. ಗೋಕಾಕದಲ್ಲಿ ಆಬಾಸಾಹೇಬ ಎಂಬ ತರುಣ ಡಾಕ್ಟರು ಕಿವಿ, ಮೂಗು, ಗಂಟಲಿನ ದವಾಖಾನೆ ತೆಗೆದಿದ್ದರು. ಅವರು ಪೋರಿಯ ನಾಲಿಗೆಯನ್ನು ಚಮಚದಿಂದ ಒತ್ತಿ ಒಳಗೆ ಬ್ಯಾಟರಿ ಹಾಕಿ ನೋಡಿದರು.

“ಗಡ್ಡಿ ಎರಡೂ ಕೆಟ್ಟಾವ. ತಗದ್ರ ಛಲೋ.”

ಜಿನ್ನವ್ವ ಕೊಯ್ಯುವುದಕ್ಕೆ ಹೆದರಲಿಲ್ಲ. ನಿದ್ದೆ ಬರಿಸಿ ಕೊಯ್ಯುತ್ತಾರೆಂದು ಆಕೆಗೆ ಗೊತ್ತಿತ್ತು. ಆಕೆಯ ಚಿಂತೆ ಎಚ್ಚರವಾದ ಮೇಲಿನದು. ಮಸಗುಪ್ಪಿಯ ಸತ್ತೆಪ್ಪನ ಮಗನಿಗೆ ಎಲ್ಲೋ ಇದೇ ಗಡ್ಡೆ ತೆಗೆಸಿದಾಗ, ಅವನು ಉಗುಳು ನುಂಗಲಾರದೆ ತಂಬಿಗೆ ಹಿಡಿದು ಕೂತು ಅತ್ತಿದ್ದನ್ನು ಕಣ್ಣಾರೆ ಕಂಡಿದ್ದಳು.

“ಅದಕ್ಕ ಒಂದು ಉಪಾಯ ಐತಿ ಆಯಿ,” ಎಂದರು ಡಾಕ್ಟರು. “ಹುಡುಗಿ ನಿದ್ದಿಯೊಳಗ ಇದ್ದಾಗನ ಗಂಟಲದ ಎರಡೂ ಬಾಜೂಕ ಸೂಜಿಲೆ ಔಷಧ ಬಿಡ್ತೇನಿ. ನೋವಿನ ಸುದ್ದಿ ಒಯ್ಯೋ ನರಕ್ಕ ಜೋಮು ಹಿಡೀತೈತಿ. ಎಚ್ಚರಾದಾಗ ತ್ರಾಸ ಆಗೂದಿಲ್ಲ.”

ಜಿನ್ನವ್ವ ಸೆರಗು ಸರಿಪಡಿಸಿಕೊಂಡಳು. “ಚಾಕೂನ ಬ್ಯಾನಿಗೆ ಸೂಜಿ ಮದ್ದೇನ್ರಿ? ಹಾವು ಕಡದದ್ದಕ್ಕ ಚೋಳು ಬಿಟ್ಟಂಗಾತು.”

“ಅವ್ವಾ, ಸುಮ್ನಿರು,” ಎಂದ ರಾಜಪ್ಪ.

“ನೀ ಸುಮ್ನಿರು. ಡಾಕ್ಟರ್ರ, ಆ ಸೂಜಿ ಮದಲ ನನಗ ಹಾಕ್ರಿ. ನಾ ಸತ್ರ ಏನೂ ಹೋಗೂದಿಲ್ಲ. ಉಳದ್ರ ಕೂಸಿಗೆ ಹಾಕ್ರಿ.”

ಡಾಕ್ಟರಿಗೆ ನಗು ಬಂತು. “ಪರೀಕ್ಷಾಕ ಹಾಕೋ ಸೂಜಿ ಅಲ್ಲಾ ಇದು, ಆಯಿ.”

“ಪರೀಕ್ಷಾ ಅಲ್ರಿ, ಕೆಲಸಾನೂ ಐತಿ!” ಎಂದು ಜಿನ್ನವ್ವ ಬಾಯಿ ತೆರೆದು ಕೆಳದವಡೆಯ ಒಂದು ಹಲ್ಲು ತೋರಿಸಿದಳು. ಹೋದ ಸುಗ್ಗಿಯಿಂದ ಲವಂಗ ತಿಂದು ತಿಂದು ಬೇಸತ್ತ ಹಲ್ಲು ಅದು, ಬುಡದಲ್ಲಿ ಕೊಳೆತು ಅಲ್ಲಾಡುತ್ತಿತ್ತು. ಡಾಕ್ಟರು ಬಗ್ಗಿ ನೋಡಿದರು, ಯೋಚಿಸಿದರು. ಊರಲ್ಲಿ ಹಲ್ಲಿನ ಡಾಕ್ಟರು ಯಾರೂ ಇರಲಿಲ್ಲ. ನರ್ಸ್ ಸಾವಂತ್ರೆವ್ವನಿಗೆ ಸೂಜಿ ಕುದಿಸಲು ಹೇಳಿದರು.

ಚುಚ್ಚಿದಾಗ ಜಿನ್ನವ್ವ ಕುರ್ಚಿಯ ಕೈ ಗಟ್ಟಿ ಹಿಡಿದಳು. ಸ್ವಲ್ಪ ಹೊತ್ತಿಗೆ ತುಟಿ ಜುಮುಜುಮು ಎಂದಿತು. ಆಮೇಲೆ ಅರ್ಧ ನಾಲಿಗೆ ಎಲ್ಲಿಗೋ ಹೊರಟುಹೋಯಿತು. ಗಲ್ಲ ಬದನೆಕಾಯಿಯಷ್ಟು ಊದಿಕೊಂಡಂತೆ ಅನಿಸಿತು. ಮುಟ್ಟಿ ನೋಡಿಕೊಂಡರೆ ಅದು ತನ್ನ ಗಲ್ಲವೇ ಅಲ್ಲ, ಯಾರದೋ ಗಲ್ಲ.

“ಕನ್ನದಿ ತಲ್ಲಿ!” ಎಂದು ಕೂಗಿದಳು. ತನ್ನ ಮಾತು ಕೇಳಿ ತಾನೇ ಗಾಬರಿಯಾದಳು. “ದಾಕ್ತಲ, ನನ್ನ ಮಾಲಿ ಸೊತ್ತ ಆಗೇತಿ!”

ಪೋರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ರಾಜಪ್ಪ ಗೋಡೆಯ ಕಡೆ ತಿರುಗಿದ, ಅವನ ಭುಜ ಕುಲುಕುತ್ತಿತ್ತು. ಸಾವಂತ್ರೆವ್ವ ಕನ್ನಡಿ ತಂದಳು. ಅದರೊಳಗೆ ದಿನಾ ನೋಡುವ ಮುಖವೇ ಇತ್ತು.

“ಬಾಯಿ ತಗೀರಿ. ಹಲ್ಲು ಕೀಳಲ್ಯಾ?” ಎಂದು ಡಾಕ್ಟರು ಕೇಳಿದರು.

ಜಿನ್ನವ್ವ ಕಣ್ಣು ಮುಚ್ಚಿ ತಲೆಯಾಡಿಸಿದಳು. ಮನಸ್ಸಿನಲ್ಲೇ ಣಮೋಕಾರ ಹೇಳಿಕೊಂಡಳು. ಯಾರೋ ದವಡೆಯನ್ನು ಅಲುಗಾಡಿಸಿದಂತಾಯಿತು. ಮಂತ್ರ ಮುಗಿದರೂ ನೋವು ಬರಲಿಲ್ಲ. ಇನ್ನೊಮ್ಮೆ ಹೇಳಿದಳು. ಕಡೆಗೆ ತಾಳ್ಮೆ ತಪ್ಪಿ ಕಣ್ಣು ಬಿಟ್ಟು, “ಯಾವಾಗ ಕೀಲ್ತೀಲಿ?” ಎಂದಳು.

ಡಾಕ್ಟರು ತಟ್ಟೆ ಮುಂದೆ ಹಿಡಿದರು. ಹಲ್ಲು ಅದರಲ್ಲಿ ಕೂತಿತ್ತು.

ಜಿನ್ನವ್ವ ತಟ್ಟೆಯನ್ನೂ ಡಾಕ್ಟರ ಮುಖವನ್ನೂ ಸರದಿಯಂತೆ ನೋಡಿದಳು. ಅಂದು ಮಧ್ಯಾಹ್ನ ಚಹಾ ಕುಡಿಯಲು ಹೋಗಿ ಅರ್ಧವನ್ನು ಸೀರೆಗೆ ಕುಡಿಸಿದಳು. ಆದರೂ, “ನಾಳಿ ಕೂಸಿಗೆ ಹಾಕ್ಲಿ,” ಎಂದು ಒಪ್ಪಿಗೆ ಕೊಟ್ಟಳು.

ಮರುದಿನ ಬೆಳಿಗ್ಗೆ ಪೋರಿಯನ್ನು ಒಳಗೆ ಒಯ್ದರು. ಜಿನ್ನವ್ವ ಹೊರಗೆ ಬೆಂಚಿನ ಮೇಲೆ ಕೂತಳು. ತಾನು ಒಪ್ಪಿಗೆ ಕೊಟ್ಟಿದ್ದು ಒಂದು ಹಲ್ಲಿನ ಧೈರ್ಯದ ಮೇಲೆ. ಒಳಗಿರುವುದು ಕೂಸಿನ ಗಂಟಲು. ಬಾಗಿಲು ತೆರೆದಾಗ ಮಗನಿಗಿಂತ ಮೊದಲು ಒಳಗೆ ಹೋದಳು.

ಪೋರಿ ಮಂಪರಿನಲ್ಲಿ ನರಳಿದಳು, ಒಮ್ಮೆ ಕಾರಿದಳು, ಆಮೇಲೆ ಕಣ್ಣು ಬಿಟ್ಟಳು. ಅಳಲಿಲ್ಲ. ಗಂಟಲ ಮೇಲೆ ಕೈಯಿಟ್ಟು, “ಆಯೀ, ನನ್ನ ಗಂಟಲಾ ಎಲ್ಲಿ ಹೋತು?” ಎಂದು ಒಡಕು ದನಿಯಲ್ಲಿ ಕೇಳಿದಳು.

“ಬರತೈತ್ರಿ ಅತ್ತೆವ್ವಾ, ನಂದೂ ಹಿಂಗ ಹೋಗಿ ಬಂತು.”

“ನೀರ ಕೊಡು.”

ಜೋಮು ಬಿಡುವವರೆಗೆ ಒಂದು ಹನಿಯೂ ಕೊಡಬಾರದು, ಮರಗಟ್ಟಿದ ಗಂಟಲಲ್ಲಿ ನೀರು ದಾರಿ ತಪ್ಪಿ ಶ್ವಾಸಕ್ಕೆ ಹೋದೀತು ಎಂದು ಡಾಕ್ಟರು ತಾಕೀತು ಮಾಡಿದ್ದರು. ದಾರಿ ತಪ್ಪಿದ ಚಹಾದ ಕಲೆ ಜಿನ್ನವ್ವನ ಸೀರೆಯ ಮೇಲೆ ಇನ್ನೂ ಇತ್ತು.

“ಈಗ ಇಲ್ಲ.”

“ಕೊಡು ಅಂದ್ನೆಲ್ಲಾ!” ಪೋರಿ ಹುಬ್ಬು ಗಂಟಿಕ್ಕಿದಳು. ಥೇಟ್ ಹಳೆಯ ಲಕ್ಷ್ಮೀಬಾಯಿಯ ಹುಬ್ಬು. ಆ ಹುಬ್ಬಿಗೆ ಜಿನ್ನವ್ವ ಮದುವೆಯಾದಾಗಿನಿಂದ ಎದುರಾಡಿದವಳಲ್ಲ. ರಾಜಪ್ಪನ ಕೈ ತಂಬಿಗೆಯ ಕಡೆಗೆ ಹೋಯಿತು. ಜಿನ್ನವ್ವ ತಂಬಿಗೆಯನ್ನು ಕಸಿದುಕೊಂಡು ಮಂಚದ ಕೆಳಗೆ ತಳ್ಳಿದಳು.

“ಇಲ್ಲಾ ಅಂದ್ರ ಇಲ್ಲ! ಸುಮ್ಮನ ಮಲ್ಕೋ, ಲಕ್ಷ್ಮೀಬಾಯಿ!”

ರಾಜಪ್ಪ ಬಾಯಿ ತೆರೆದು ನಿಂತ. ಪೋರಿ ದಂಗಾಗಿ ಮಲಗಿದಳು. ಜಿನ್ನವ್ವ ತುಟಿಯ ಮೇಲೆ ಕೈಯಿಟ್ಟುಕೊಂಡು ಮೇಲೆ ನೋಡಿದಳು. ಮಾಳಿಗೆ ಕುಸಿಯಲಿಲ್ಲ. ಎದೆ ಮಾತ್ರ ಏಕೋ ಹಗುರಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಗಂಟಲು ಹಿಂದಿರುಗಿತು, ಜೊತೆಗೆ ನೋವೂ ಬಂತು. ಪೋರಿ ಅತ್ತಳು. “ಸೂಜಿ ನೋವನ್ನ ಪೂರಾ ಓಡಸೂದಿಲ್ಲ ಆಯಿ,” ಎಂದರು ಡಾಕ್ಟರು. “ಮದಲನೇ ಜೋರು ದಾಟಸತೈತಿ. ಉಳದದ್ದನ್ನ ನಾವು ದಾಟಸಬೇಕು.” ನೋವಿನ ಔಷಧ ಕುಡಿಸಿದರು, ಬರ್ಫದ ಚೂರು ಚೀಪಲು ಕೊಟ್ಟರು. ಹೊತ್ತು ಮುಳುಗುವ ಮೊದಲು ಜಿನ್ನವ್ವ ಹಾಲು ಬೆರೆಸಿದ ತಣ್ಣನೆ ಗಂಜಿಯನ್ನು ಒಂದು ಚಮಚ ಮೊಮ್ಮಗಳಿಗೆ, ಒಂದು ಚಮಚ ತನಗೆ ಎಂದು ಹಂಚಿದಳು. ಹಲ್ಲು ಹೋದ ಜಾಗ ಆಕೆಗೂ ಸಿಡಿಯುತ್ತಿತ್ತು. ಇಬ್ಬರೂ ನುಂಗುವಾಗ ಒಂದೇ ರೀತಿ ಮುಖ ಕಿವಿಚುತ್ತಿದ್ದರು. ಒಬ್ಬರನ್ನೊಬ್ಬರು ನೋಡಿ ನಕ್ಕು, ನಕ್ಕಿದ್ದಕ್ಕೆ ಮತ್ತೆ ನೋವಾಗಿ “ಅಯ್ಯ ಅಯ್ಯ” ಎನ್ನುತ್ತಿದ್ದರು.

ಮುಂದಿನ ವಾರ ಡಾಕ್ಟರು ದವಾಖಾನೆಯ ಬಾಗಿಲು ತೆಗೆದಾಗ ಕಟ್ಟೆಯ ಮೇಲೆ ಕುಲಗೋಡದ ಮಂದಿ ಸಾಲಾಗಿ, ಗಲ್ಲಕ್ಕೆ ಕೈಯಿಟ್ಟುಕೊಂಡು ಕೂತಿದ್ದರು. ಸಾಲಿನ ಮುಂದೆ ದುಂಡವ್ವ.

“ನಾ ಹಲ್ಲಿನ ಡಾಕ್ಟರ್ ಅಲ್ಲವ್ವಾ!” ಎಂದರು ಡಾಕ್ಟರು.

“ಇರ್ಲಿ ತಗೋರಿ,” ಎಂದಳು ದುಂಡವ್ವ, ಬಾಯಿ ಅಗಲಿಸುತ್ತ. “ಜಿನ್ನವ್ವಗ ಹಾಕಿದ್ದನ್ನ ನನಗೂ ಹಾಕ್ರಿ. ಕನ್ನಡಿ ಮನಿಯಿಂದನ ತಂದೇನಿ.”