ಅರವತ್ತೆರಡೋ ಅರವತ್ತನಾಲ್ಕೋ

ಗೇಟಿನ ಕಂಬಿಯಿಂದ ಮಗನ ಬೆರಳುಗಳನ್ನು ಅವಳು ಒಂದೊಂದಾಗಿ ಬಿಡಿಸುತ್ತಿದ್ದಳು. ಒಂದನ್ನು ಬಿಡಿಸುವಷ್ಟರಲ್ಲಿ ಇನ್ನೊಂದು ಹೋಗಿ ಕೂರುತ್ತಿತ್ತು. ಒಳಗೆ ನಡುಮನೆಯಲ್ಲಿ ಗಂಡನ ಹೆಣ, ಹೊರಗೆ ಗೇಟಿನಲ್ಲಿ ಮೂವತ್ತು ದಾಟಿದ ಮಗ, ನಡುವೆ ಇವಳು. ಬಸ್ ಡಿಪೋದಿಂದ ಗ್ರೀಸ್ ಮೆತ್ತಿದ ಅಂಗಿಯಲ್ಲೇ ಬಂದಿದ್ದವನು, ಅಮ್ಮನನ್ನು ನೋಡಲು ಬಂದೆ ಅಷ್ಟೇ, ಮನೆಯೊಳಗೆ ಕಾಲಿಡುವುದಿಲ್ಲ ಎಂದು ಒಂದೇ ಹಟ ಹಿಡಿದಿದ್ದ.

"ಮುಖ ಒಂದು ನೋಡಿ ಹೋಗೋ," ಎಂದಳು. "ಸಂಜೆಗೆ ಗಾಡಿ ಬರುತ್ತೆ. ಆಮೇಲೆ ಬೇಕು ಅಂದ್ರೂ ಸಿಗಲ್ಲ."

"ಕಳ್ಳನ ಮುಖ ಏನು ನೋಡೋದಮ್ಮ?"

ಕೆನ್ನೆಗೆ ಬಾರಿಸಬೇಕು ಎನ್ನಿಸಿತು, ಕೈ ಏಳಲಿಲ್ಲ. ಇಷ್ಟು ವರ್ಷ ಆ ಮಾತನ್ನು ಬೀದಿಯವರ ಬಾಯಲ್ಲಿ ಕೇಳಿ ನುಂಗಿಕೊಂಡವಳಿಗೆ ಮಗನ ಬಾಯಲ್ಲಿ ಕೇಳಿದ್ದನ್ನು ನುಂಗಲಾಗಲಿಲ್ಲ.

ಅವಳ ಗಂಡನನ್ನು ಬೀದಿಯಲ್ಲಿ ಎಲ್ಲರೂ ಭೂತಗನ್ನಡಿ ಎನ್ನುತ್ತಿದ್ದರು. ಹಳೆಯ ನಾಣ್ಯಗಳನ್ನು ಭೂತಗನ್ನಡಿಯಲ್ಲಿ ನೋಡಿ ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಕಂಪನಿಯಲ್ಲಿ ಅವರ ಕೆಲಸ. ಅಂಕ ಬಿದ್ದ ಮೇಲೆ ನಾಣ್ಯವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ, ಮುಚ್ಚಳ ಬೆಸೆದು, ಮೇಲೆ ಆ ಅಂಕ ಅಂಟಿಸುತ್ತಾರೆ. ಆಮೇಲೆ ನಾಣ್ಯವನ್ನು ಯಾರೂ ನೋಡುವುದಿಲ್ಲ, ಅಂಕವನ್ನೇ ಕೊಳ್ಳುತ್ತಾರೆ, ಅಂಕವನ್ನೇ ಮಾರುತ್ತಾರೆ. ಅರವತ್ತೆರಡಕ್ಕೆ ಸೈಕಲ್ ಬಂದರೆ ಅರವತ್ತನಾಲ್ಕಕ್ಕೆ ಕಾರು ಬರುತ್ತದೆ. ಮಗನೂ ಅಲ್ಲೇ ಡಬ್ಬಿ ಬೆಸೆಯುವ ಕೆಲಸಕ್ಕಿದ್ದ, ಅಪ್ಪ ಮಗ ಒಂದೇ ಊಟದ ಬುತ್ತಿ ಒಯ್ಯುತ್ತಿದ್ದರು.

*

ವರ್ಷಗಳ ಹಿಂದೆ ಒಂದು ದಿನ ಗಂಡ ಮಧ್ಯಾಹ್ನವೇ ಮನೆಗೆ ಬಂದು, ಬೂಟು ಕೂಡ ಬಿಚ್ಚದೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಅವರು ಅರವತ್ತೆರಡು ಕೊಟ್ಟಿದ್ದ ನಾಣ್ಯವನ್ನು ಒಬ್ಬ ವ್ಯಾಪಾರಿ ಡಬ್ಬಿ ಒಡೆದು ತೆಗೆದು, ಹೊಸದೆಂಬಂತೆ ಮತ್ತೆ ಕಳಿಸಿದ್ದ. ಅದೇ ಮೇಜು, ಅದೇ ದೀಪ, ಅದೇ ಮನುಷ್ಯ, ಈ ಸಲ ಅರವತ್ತನಾಲ್ಕು ಬರೆದಿದ್ದರು. ವ್ಯಾಪಾರಿ ಲಾಭದ ಖುಷಿಯಲ್ಲಿ ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದ. ಕಂಪನಿಗೆ ಮರ್ಯಾದೆ ಉಳಿಸಿಕೊಳ್ಳಲು ಒಬ್ಬ ಕಳ್ಳ ಬೇಕಿತ್ತು, ಲಂಚ ತಿಂದರೆಂದು ಇವರನ್ನು ಕೆಲಸದಿಂದ ತೆಗೆದಿತ್ತು.

"ಮೊದಲನೇ ಸಲ ಗೀರು ಕಂಡಿತು ಕಣೇ," ಎಂದರು. "ಎರಡನೇ ಸಲ ಹೊಳಪು ಕಂಡಿತು. ಎರಡು ಸಲಾನೂ ಕಂಡಿದ್ದನ್ನೇ ಬರೆದೆ."

ಅವಳು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ನಿಜ ಹೇಳಿ, ಏನಾದ್ರೂ ಇಸ್ಕೊಂಡ್ರಾ?" ಎಂದು ಕೇಳಿಬಿಟ್ಟಳು. ಗಂಡ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು.

ಅಪ್ಪನ ಹಿಂದೆಯೇ ಮಗನಿಗೂ ಕೆಲಸ ಹೋಯಿತು. ಅಂಕ ಅಂದರೆ ತಕ್ಕಡಿ ಇದ್ದ ಹಾಗೆ, ಇವತ್ತೊಂದು ನಾಳೆಯೊಂದು ತೂಗಲು ಸಾಧ್ಯವೇ ಇಲ್ಲ, ದುಡ್ಡು ಓಡಾಡಿದ್ದರೆ ಮಾತ್ರ ಹಾಗಾಗುತ್ತದೆ ಎಂದು ಕೂಗಾಡಿ ಮನೆ ಬಿಟ್ಟ. ಅದನ್ನು ಅವನಿಗೆ ಕಲಿಸಿದ್ದವರು ಎಲ್ಲರೂ ದೊಡ್ಡವರು ಎಂದು ಕರೆಯುತ್ತಿದ್ದ ಕಂಪನಿಯ ಹಿರಿಯರೊಬ್ಬರು. ಎಲ್ಲರ ಅಂಕದ ಮೇಲೆ ಕೊನೆಯ ಅಂಕ ಅವರದು. ಅವರ ಕಣ್ಣು ತಪ್ಪಿದ್ದನ್ನು ಕಂಡವರಿಲ್ಲ ಎಂಬ ಮಾತಿತ್ತು.

*

ಆ ದೊಡ್ಡವರೇ ಈಗ ಸಾವಿಗೆ ಬಂದು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುತ್ತಿದ್ದರು. ಅವರನ್ನು ನೋಡಿದ್ದೇ ಅವಳಿಗೆ ಏನೋ ಹೊಳೆಯಿತು. ಒಳಗೆ ಓಡಿ ಗಂಡನ ಮೇಜಿನ ಖಾನೆಗೆ ಕೈ ಹಾಕಿದಳು. ಕಣ್ಣು ಪಳಗಲಿ ಎಂದು ಅವರು ಇಟ್ಟುಕೊಂಡಿದ್ದ ಬೆಳ್ಳಿ ನಾಣ್ಯಗಳು, ಎಲ್ಲ ಒಂದೇ ತರಹದವು. ಕೈಗೆ ಸಿಕ್ಕ ಒಂದನ್ನು ತಂದು ಮಗನ ಅಂಗೈಯಲ್ಲಿ ಒತ್ತಿದಳು.

"ನನ್ನ ಕೈಗೂ ವಾಪಸ್ ಕೊಡಬೇಡ, ನಿನ್ನ ಜೇಬಲ್ಲೇ ಇರಲಿ. ಈಗೊಂದು ಸಲ ನಿಮ್ಮ ದೊಡ್ಡವರಿಗೆ ತೋರಿಸು. ಹೊರಡೋವಾಗ ಬೇರೆ ನಾಣ್ಯ ಅಂತ ಹೇಳಿ ಇದನ್ನೇ ಇನ್ನೊಂದು ಸಲ ತೋರಿಸು. ಎರಡು ಸಲಾನೂ ಒಂದೇ ಅಂಕ ಬಂದ್ರೆ ನೀನು ಗೇಟಲ್ಲೇ ಇರು. ಬೇರೆ ಬಂದ್ರೆ ಒಳಗೆ ಬಂದು ಅಪ್ಪನ ಮುಖ ನೋಡಬೇಕು."

ಆಗಲಿ ಎಂದ. ಗೆಲ್ಲುವವನ ಹಾಗೆ ಆಗಲಿ ಎಂದ. ಅವಳು ಗಂಡನ ಮಾನವನ್ನು ತೆಗೆದುಕೊಂಡು ಹೋಗಿ ಅದೇ ಮನುಷ್ಯನ ಕಣ್ಣಿಗೆ ಒತ್ತೆ ಇಟ್ಟಿದ್ದಳು.

ದೊಡ್ಡವರ ಕೈಗೆ ನಾಣ್ಯ ಸಿಕ್ಕರೆ ಮದುವೆಮನೆಯೂ ಒಂದೇ, ಸಾವಿನ ಮನೆಯೂ ಒಂದೇ. ಮಗ ಅಂಗಳದವರೆಗಷ್ಟೇ ಬಂದು ನಾಣ್ಯ ಚಾಚಿದ್ದೇ, ಲೋಟ ಕೆಳಗಿಟ್ಟು, ಜೇಬಿನಿಂದ ಭೂತಗನ್ನಡಿ ತೆಗೆದು ಅತ್ತಿತ್ತ ಓರೆ ಮಾಡಿ ನೋಡಿದರು. ನಿಮ್ಮಪ್ಪ ಒಳ್ಳೆಯದನ್ನೇ ಇಟ್ಟುಕೊಂಡಿದ್ದ ಕಣಯ್ಯ, ಅರವತ್ತನಾಲ್ಕು ಎಂದರು. ಮಗ ಅಮ್ಮನ ಕಡೆ ಒಮ್ಮೆ ನೋಡಿ ಮತ್ತೆ ಗೇಟಿಗೆ ಹೋಗಿ ನಿಂತ.

ಅವಳು ಹೆಣದ ಪಕ್ಕ ಕುಳಿತಳು. ಬಂದವರು ಏನೇನೋ ಸಮಾಧಾನ ಹೇಳುತ್ತಿದ್ದರು, ಒಂದೂ ಕಿವಿಗೆ ಬೀಳಲಿಲ್ಲ. ಆ ಮನುಷ್ಯ ನಿಜಕ್ಕೂ ತಕ್ಕಡಿಯೇ ಆಗಿದ್ದರೆ? ಮತ್ತೆ ಅರವತ್ತನಾಲ್ಕೇ ಅಂದುಬಿಟ್ಟರೆ? ಆಗ ಮಗನ ಪಾಲಿಗೆ ಇವರು ಶಾಶ್ವತವಾಗಿ ಕಳ್ಳ. ಅದಕ್ಕಿಂತ ಹೆಚ್ಚಾಗಿ ಅವಳನ್ನು ಹೆದರಿಸಿದ್ದು, ಆಗ ತಾನೂ ನಂಬಿಬಿಟ್ಟರೆ ಎಂಬುದು.

ಗಾಡಿ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ಅಂಗಳದೊಳಗೆ ನಿಂತಿತು. ಒಂದು ಗಳಿಗೆ ತಡೆಯಿರಿ, ಮಗ ಬರುತ್ತಾನೆ ಎಂದು ಅವಳು ಮೈದುನನ ಕೈ ಹಿಡಿದು ಬೇಡಿಕೊಂಡಳು.

"ಬರೋನಾಗಿದ್ರೆ ಬೆಳಿಗ್ಗೆಯೇ ಬರ್ತಿದ್ದ ಅತ್ತಿಗೆ," ಎಂದ ಮೈದುನ. "ಸುಡುವ ಜಾಗದಲ್ಲಿ ನಮ್ಮ ಸರದಿ ತಪ್ಪಿದ್ರೆ ನಾಳೆಗೆ ಹೋಗುತ್ತೆ."

ಗಾಡಿಯವರು ಹೆಣವನ್ನು ಪೆಟ್ಟಿಗೆಗೆ ಇಳಿಸಿ ಮುಚ್ಚಳ ಎತ್ತಿಕೊಂಡರು. ಕಿಟಕಿಯಾಚೆ ದೊಡ್ಡವರು ಗೇಟಿನ ಬಳಿ ನಿಂತು ನಾಣ್ಯವನ್ನು ಬಿಸಿಲಿಗೆ ಹಿಡಿದಿದ್ದರು. ಮುಚ್ಚಳ ಹಿಡಿದು ನಿಲ್ಲಿಸಲೇ, ಗೇಟಿಗೆ ಓಡಲೇ ಎಂದು ತಿಳಿಯದೆ ಒದ್ದಾಡಿ, ಕೊನೆಗೆ ಗೇಟಿಗೆ ಓಡಿದಳು.

"ನಿನ್ನ ಪರಿಚಯದ ಅಂಗಡಿಯವನು ಎಷ್ಟು ಕೇಳ್ತಿದ್ದಾನೆ?" ಎನ್ನುತ್ತಿದ್ದರು ದೊಡ್ಡವರು, ಇದು ಅಂಗಡಿಯಲ್ಲಿ ಮಾರಾಟಕ್ಕಿರುವ ಬೇರೆ ನಾಣ್ಯ ಎಂದು ಮಗ ಹೇಳಿದ್ದ ಸುಳ್ಳನ್ನು ನಂಬಿ. "ಜಾಸ್ತಿ ಕೊಡಬೇಡ. ರಾಜನ ಕೆನ್ನೆ ಹತ್ರ ಗೀರಿದೆ ನೋಡು. ಅರವತ್ತೆರಡು, ಅದಕ್ಕಿಂತ ಮೇಲಿಲ್ಲ."

ಮಗ ಮೆಲ್ಲಗೆ, "ಸರ್, ಆಗಲೇ ಇದಕ್ಕೇ ಅರವತ್ತನಾಲ್ಕು ಅಂದ್ರಿ," ಎಂದ.

ಅವರು ಇನ್ನೊಮ್ಮೆ ನಾಣ್ಯ ತಿರುಗಿಸಿ ನೋಡಿದರು. ಬೆಚ್ಚಲೂ ಇಲ್ಲ, ನಾಚಲೂ ಇಲ್ಲ. "ಇದೇನಾ? ಹಾಗೂ ಆಗುತ್ತಪ್ಪ. ಬೆಳಕು, ಕಣ್ಣು, ಆಯಾಸ. ಎಲ್ಲರಿಗೂ ಆಗುತ್ತೆ."

"ಈ ಮಾತನ್ನ ಆವತ್ತು ಹೇಳಬಾರದಿತ್ತಾ?" ಅವಳು ಅವರಿಗೆ ಅಡ್ಡ ನಿಂತು ಕೇಳಿದಳು.

"ಆವತ್ತು ಹೇಳಿದ್ರೆ ಕಂಪನಿ ಮುಚ್ಚಬೇಕಾಗ್ತಿತ್ತಮ್ಮ," ಎಂದು ನಾಣ್ಯವನ್ನು ಮಗನ ಕೈಗಿಟ್ಟು, ಬರ್ತೀನಿ ಎಂದು ಕೈ ಮುಗಿದು ಹೊರಟೇಬಿಟ್ಟರು.

ಗೆದ್ದಿದ್ದಳು. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತ ಮನುಷ್ಯ ಹೇಳಿದ್ದು ಅಕ್ಷರಶಃ ನಿಜ, ಮನೆಯ ಇಬ್ಬರೂ ಅದನ್ನು ನಂಬಿರಲಿಲ್ಲ.

ಮಗ ಗೇಟು ದಾಟಿ ಬರುವಷ್ಟರಲ್ಲಿ ಪೆಟ್ಟಿಗೆ ಗಾಡಿಯೊಳಗೆ ಹೋಗಿ ಬಾಗಿಲು ಬಿದ್ದಾಗಿತ್ತು. ಒಂದೇ ಒಂದು ಸಲ ತೆಗೆಯಿರಿ ಅಣ್ಣ ಎಂದು ಅವನು ಡ್ರೈವರನನ್ನು ಬೇಡಿದ. ಸ್ಕ್ರೂ ಬಿಗಿದ ಮೇಲೆ ಮುಚ್ಚಳ ತೆಗೆಯುವ ಹಾಗಿಲ್ಲ, ಸುಡುವ ಜಾಗದಲ್ಲೂ ಪೆಟ್ಟಿಗೆ ಸಮೇತವೇ ಇಡುತ್ತಾರೆ ಎಂದು ಡ್ರೈವರ್ ಗಾಡಿ ಶುರು ಮಾಡಿದ. ಮಗ ಹಿಂಬಾಗಿಲ ಗಾಜಿಗೆ ಹಣೆ ಹಚ್ಚಿದ. ಒಳಗೆ ಕಾಣಲೆಂದು ಎರಡು ಕೈಗಳನ್ನೂ ಕಣ್ಣಿನ ಅಕ್ಕಪಕ್ಕ ಮರೆ ಹಿಡಿದ. ಗಾಡಿ ಮೆಲ್ಲಗೆ ಉರುಳಿತು. ಅವನು ಗಾಜಿನಿಂದ ಮುಖ ತೆಗೆಯದೆ, ಎಡವುತ್ತ ಅದರ ಹಿಂದೆಯೇ ನಡೆದ. ಒಳಗೆ ಬರೀ ಮರದ ಹಲಗೆ ಕಾಣುತ್ತಿತ್ತು.