ಆಣೆಯಿಲ್ಲದ ಮಾತು

ರಾಂಪುರದಾಚೆಯ ಹಟ್ಟಿಯಲ್ಲಿ ದೊಡ್ಡಪಾಲಯ್ಯ ಮೆನ್ನೊನೈಟ್ ಎಂಬ ಕ್ರೈಸ್ತ ಸಭೆಯ ಹಿರಿಯ. ಆಂಧ್ರದ ಕಡೆಯಿಂದ ಪ್ರಾರ್ಥನೆಗೆ ಬರುವವರು ಅವನನ್ನು ‘ಅಯ್ಯಗಾರು’ ಎನ್ನುತ್ತಿದ್ದರು. ಆ ಸಭೆಯವರು ಯಾರ ಮೇಲೂ ಕೈ ಎತ್ತುವುದಿಲ್ಲ, ಆಣೆ ಇಡುವುದಿಲ್ಲ. ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ, ಮುಗೀತು. ಮಾತುಮಾತಿಗೂ ಅವ್ವನಾಣೆ, ದೇವರಾಣೆ ಎನ್ನುವ ಹಟ್ಟಿಯಲ್ಲಿ ಹೀಗೆ ಬಾಳುವುದು ಸುಲಭವೇ ಸ್ವಾಮಿ!

ತೊಂಬತ್ತೆಂಟರ ಬೇಸಿಗೆಯಲ್ಲಿ ಹಟ್ಟಿಯ ಯಜಮಾನ ಬೊಮ್ಮಲಿಂಗಪ್ಪನ ಬೀಜದ ಟಗರು ಕಳುವಾಯಿತು. ಅನುಮಾನ ಬಿದ್ದದ್ದು ದೊಡ್ಡಪಾಲಯ್ಯನ ತಂಗಿ ಪಾತಮ್ಮನ ಮಗ ಮುತ್ತುರಾಜನ ಮೇಲೆ. ಅವನೋ, ಆ ದಿನವೆಲ್ಲಾ ಮಾವನ ಜೊತೆ ಪ್ರಾರ್ಥನಾ ಮಂದಿರಕ್ಕೆ ಸುಣ್ಣ ಬಳಿಯುತ್ತಿದ್ದೆ ಎಂದ. ಬೇವಿನ ಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಕದ್ದದ್ದು ನಿಜವಾದರೆ ಅವನನ್ನು ಹಟ್ಟಿಯಿಂದಲೇ ಹೊರಗೆ ಹಾಕುವುದೆಂದು ತೀರ್ಮಾನವಾಗಿತ್ತು.

“ಅವನು ದಿನವೆಲ್ಲಾ ನಿನ್ನ ಜೊತೆಗಿದ್ದ ಅಂತ ನಿನ್ನ ಬೈಬಲ್ ಮುಟ್ಟಿ ಹೇಳಪ್ಪ, ಬಿಟ್‌ಬಿಡ್ತೀವಿ,” ಎಂದ ಬೊಮ್ಮಲಿಂಗಪ್ಪ.

“ಆಣೆ ಇಡಲ್ಲ, ಕೇಳಿದ್ದಕ್ಕೆ ಹೇಳ್ತೀನಿ,” ಎಂದ ದೊಡ್ಡಪಾಲಯ್ಯ. “ದಿನವೆಲ್ಲಾ ಇರಲಿಲ್ಲ. ಮಧ್ಯಾಹ್ನ ಬೀಡಿ ತರ್ತೀನಿ ಅಂತ ಹೋದೋನು ಇಳಿಹೊತ್ತಿಗೆ ಬಂದ.”

ಕಟ್ಟೆಯಲ್ಲಿ ಗುಲ್ಲೆದ್ದಿತು. “ನಿನ್ನ ಬಾಯಿಗೆ ಮಣ್ಣು ಬೀಳ!” ಎಂದು ಪಾತಮ್ಮ ಎದೆ ಬಡಿದುಕೊಂಡಳು. “ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತಣ್ಣಾ?”

ಅಪ್ಪನಿಲ್ಲದ ಆ ಹುಡುಗನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ದೊಡ್ಡಪಾಲಯ್ಯನೇ ಅಲ್ಲವೇ.

“ಹಂಗಾದ್ರೆ ಕದ್ದಿದ್ದು ಇವನೇ ಏನು?” ಬೊಮ್ಮಲಿಂಗಪ್ಪ ಬಿಡಲಿಲ್ಲ.

“ನಾನು ನೋಡಿಲ್ಲ.” ದೊಡ್ಡಪಾಲಯ್ಯ ಅಳಿಯನ ಕಡೆ ತಿರುಗಿದ. “ನೀನೇ ಹೇಳು ಮುತ್ತು. ನೀನು ಇಲ್ಲ ಅಂದ್ರೆ ನಾನೂ ಇಲ್ಲ ಅಂತೀನಿ. ಇಷ್ಟು ವರ್ಷದ ನನ್ನ ಮಾತು ನಿನ್ನ ಕೈಲಿ ಐತೆ.”

ಒಂದೇ ಒಂದು ‘ಇಲ್ಲ’ ಸಾಕಿತ್ತು. ದೊಡ್ಡಪಾಲಯ್ಯನ ಮಾತೆಂದರೆ ಇಡೀ ಹಟ್ಟಿ ನಂಬುತ್ತಿತ್ತು. ಮುತ್ತುರಾಜ ಸುಣ್ಣ ತಾಗಿ ಬಿರಿದ ತನ್ನ ಬೆರಳುಗಳನ್ನು ನೋಡಿಕೊಂಡ. ಆಮೇಲೆ ಭೋರೆಂದು ಅತ್ತುಬಿಟ್ಟ.

“ನಾನೇ ಮಾವ. ರಾಂಪುರದಾಗೆ ಲಾರಿಯೋರಿಗೆ ಮಾರ್ದೆ.”

ಅವನನ್ನು ಕಟ್ಟಿಹಾಕಲು ಯಾರೋ ಹಗ್ಗ ತಂದರು. ದೊಡ್ಡಪಾಲಯ್ಯ ಅಡ್ಡ ನಿಂತ.

“ನನ್ನ ಟಗರು ಹೊಡ್ಕೊಂಡು ಹೋಗ್ರಿ ಬೊಮ್ಮಲಿಂಗಪ್ಪ. ಇವನ್ನ ಹಟ್ಟಿ ಬಿಡಿಸ್ತೀರಾದ್ರೆ ನಾನೂ ಇವನ ಹಿಂದೆ ಹೋಗ್ತೀನಿ.”

ಬೊಮ್ಮಲಿಂಗಪ್ಪ ಮಾವನನ್ನೂ ಅಳಿಯನನ್ನೂ ನೋಡಿ, ಹಗ್ಗ ಕಸಿದು ಪಕ್ಕಕ್ಕೆಸೆದ.

“ಇನ್ಮೇಲೆ ಕದಿಯಲ್ಲ ಅಂತ ಆಣೆ ಮಾಡೋ,” ಎಂದು ಹುಡುಗನಿಗೆ ಗದರಿದವನು, ತನ್ನನ್ನು ತಾನೇ ತಡೆದುಕೊಂಡು ಕೈ ಅಲ್ಲಾಡಿಸಿದ. “ಬ್ಯಾಡ ಬಿಡು. ಕದಿಯಲ್ಲ ಅನ್ನು, ಸಾಕು.”