ಭಾವ ಮೈದುನ ಸೇರಿ ಬೆಳೆಸಿದ ನೆರಳು

ಊರವರ ಅಳತೆಯನ್ನೆಲ್ಲ ತೆಗೆಯುವ ದರ್ಜಿಗೆ, ಅಕ್ಕನ ಗಂಡನ ಲೆಕ್ಕದಲ್ಲಿ ತಾನು ಎಷ್ಟು ಉದ್ದ ಎಂಬುದು ಮಾತ್ರ ಇನ್ನೂ ತಿಳಿದಿರಲಿಲ್ಲ. ಭಾವ ವಾಚ್ ರಿಪೇರಿಯವರು, ಮಾತು ಕಮ್ಮಿ. ಮೈದುನನಿಗೆ ಒಂದು ದಿನವೂ ‘ಭೇಷ್’ ಎಂದವರಲ್ಲ. ಆ ಒಂದು ಮಾತಿನ ಆಸೆಗೇ ದರ್ಜಿ ಅವರ ಜೊತೆ ಆಕಾಶ ನೋಡುವ ಹುಚ್ಚು ಹಚ್ಚಿಕೊಂಡಿದ್ದ.

ಭಾವನ ತಾರಸಿಯಲ್ಲಿ ಒಂದು ದೂರದರ್ಶಕ. ಅದರೊಳಗೆ ಬೀಸಣಿಗೆ ಬಿಚ್ಚಿಟ್ಟಂಥ ಮಂಕು ಬೆಳಕು, ಒಂದು ನೀಹಾರಿಕೆ. ಅದರ ತುದಿಯ ನಕ್ಷತ್ರದ ಮುಂದೆ ಧೂಳಿನ ಮೋಡ ಹಾದರೆ ಬೀಸಣಿಗೆಯ ಮೇಲೆ ನೆರಳು ಬಿದ್ದು ಆಕಾರವೇ ಬದಲಾಗುತ್ತದೆ. ಕಂಡದ್ದನ್ನು ಇಬ್ಬರೂ ಬೇರೆಬೇರೆ ಹಾಳೆಯಲ್ಲಿ ಪೆನ್ಸಿಲಿನಿಂದ ಬಿಡಿಸಬೇಕು, ಒಬ್ಬರದನ್ನು ಇನ್ನೊಬ್ಬರು ನೋಡಕೂಡದು. ಇದು ಅವರ ಹವ್ಯಾಸಿ ಖಗೋಳ ಸಂಘದ ಕಟ್ಟಪ್ಪಣೆ.

ದರ್ಜಿ ಮಾತ್ರ ಕದ್ದು ನೋಡುತ್ತಿದ್ದ. ಭಾವನಿಗೆ ಕಂಡದ್ದು ಬಿಟ್ಟು ಬೇರೆ ಏನೋ ಬಿಡಿಸಿ ಪೆದ್ದನಾಗುವುದುಂಟೇ? ಅವರು ನೀರು ಕುಡಿಯಲು ಕೆಳಗಿಳಿದರೆ ಸಾಕು, ಹಾಳೆಯತ್ತ ಕತ್ತು ಚಾಚುತ್ತಿದ್ದ. ಎಡಗಡೆ ಸ್ವಲ್ಪ ಕಪ್ಪು. ಸರಿ, ಇವನೂ ಕಪ್ಪು ಬಳಿದ. ಮುಂದಿನ ಸಲ ಭಾವನದು ಇನ್ನಷ್ಟು ಕಪ್ಪು. ಇವನದು ಅದಕ್ಕಿಂತ ಒಂದು ಕೈ ಹೆಚ್ಚು. ಚಳಿಗಾಲ ಮುಗಿಯುವಷ್ಟರಲ್ಲಿ ನೆರಳು ಅರ್ಧ ನೀಹಾರಿಕೆಯನ್ನು ನುಂಗಿ ಕೂತಿತ್ತು. ಇಷ್ಟು ದೊಡ್ಡ ಘಟನೆ ತನಗೊಬ್ಬನಿಗೇ ಕಾಣದಲ್ಲ ಎಂದು ದರ್ಜಿ ತನ್ನ ಕಣ್ಣಿಗೇ ಶಾಪ ಹಾಕಿಕೊಂಡ.

ಸಂಘದ ಸಭೆಯಲ್ಲಿ ಎದೆಯುಬ್ಬಿಸಿ ವರದಿ ಓದಿದ್ದೂ ಅವನೇ. ಕಾರ್ಯದರ್ಶಿ ಮೇಡಂ ತಾವು ಅದೇ ವಾರ ತೆಗೆದ ನೀಹಾರಿಕೆಯ ಫೋಟೊವನ್ನು ಗೋಡೆಯ ಮೇಲೆ ಮೂಡಿಸಿದರು. ನೆರಳಿನ ಸುಳಿವೇ ಇಲ್ಲ!

“ನೀವಿಬ್ರೂ ಇಷ್ಟು ದಿನ ನೋಡಿದ್ದು ಯಾವುದನ್ನ?” ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ತಾರಸಿಗೆ ಬಂದದ್ದೇ ದರ್ಜಿ ಸಿಡಿದ. “ಇಲ್ಲದ ನೆರಳನ್ನ ಯಾಕೆ ಬಿಡಿಸಿದ್ರಿ ಭಾವ? ನಾನು ನಿಮ್ಮದನ್ನ ನೋಡ್ಕೊಂಡು ಬಿಡಿಸ್ದೆ!”

ಭಾವ ಬೆಚ್ಚಿಬಿದ್ದರು. “ನನ್ನದನ್ನಾ? ನಾನು ನಿನ್ನದನ್ನ ನೋಡಿ ಬಿಡಿಸ್ತಿದ್ದೆನಲ್ಲೋ!”

ದರ್ಜಿಗೆ ನಗು ತಡೆಯಲಾಗಲಿಲ್ಲ. ಭಾವ ನಗಲಿಲ್ಲ.

“ನನಗೆ ಆ ನೀಹಾರಿಕೆ ಕಾಣಿಸ್ತಾನೇ ಇಲ್ಲ ಕಣೋ. ಕಣ್ಣು ಮಂಜಾಗಿ ಎಷ್ಟೋ ತಿಂಗಳಾಯ್ತು. ನೀನು ಇಟ್ಟುಹೋದ ಹಾಳೆಯನ್ನ ದೀಪದ ಹತ್ರ ಹಿಡಿದ್ರೂ ಎಲ್ಲ ಕಪ್ಪಾಗೇ ಕಾಣ್ತಿತ್ತು. ವಾಚಿನ ಸ್ಕ್ರೂನೂ ಬೆರಳಲ್ಲಿ ತಡವಿ ಕೂರಿಸ್ತಿದ್ದೀನಿ. ನಿಮ್ಮಕ್ಕನಿಗೂ ಹೇಳಿಲ್ಲ. ಗೊತ್ತಾದ್ರೆ ಅಂಗಡಿಗೆ ಯಾರು ಬರ್ತಾರೆ? ಇಲ್ಲಿ ಮಾತ್ರ ಧೈರ್ಯವಾಗಿದ್ದೆ. ನೀನಿದ್ದೀಯಲ್ಲ, ನೀನು ಸರಿಯಾಗಿ ನೋಡ್ತೀಯ ಅಂತ ನಿನ್ನ ಕಣ್ಣನ್ನೇ ನಂಬಿದ್ದೆ.”

ದರ್ಜಿಯ ನಗು ನಿಂತಿತು. ಇಷ್ಟು ನಂಬಿದವರಿಗೆ ಅವರದೇ ಗೀಚನ್ನು ತಿರುಗಿ ಕೊಟ್ಟಿದ್ದ ಅವನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ,” ಎಂದ.

ಭಾವ ಹೂಂ ಎಂದರು. ದೂರದರ್ಶಕದತ್ತ ಕೈ ತೋರಿಸಿ, “ಈಗ ಹೇಗಿದೆ ಅದು? ನೋಡಿ ಹೇಳು,” ಎಂದರು.

ದರ್ಜಿ ದೂರದರ್ಶಕಕ್ಕೆ ಕಣ್ಣಿಟ್ಟ. ಆ ಚಳಿಗಾಲದಲ್ಲಿ ಅವನು ನೀಹಾರಿಕೆಯನ್ನು ನಿಜವಾಗಿ ನೋಡಿದ್ದು ಅದೇ ಮೊದಲು.